ಮುಂಬಾ ಆಯಿಯ ಊರಿನಲ್ಲಿ ಒಂದು ತೊಟ್ಟಿಲು

ಮೂಗುತಿಯ ತಿರುಪು ಸಡಿಲವಾಗಿತ್ತು. ಅದನ್ನು ಸರಿಮಾಡಿಸಲು ಕುರ್ಲಾದಲ್ಲಿ ಅಂಗಡಿಗಳಿಲ್ಲವೆಂದಲ್ಲ, ಝವೇರಿ ಬಜಾರಿಗೆ ಹೋಗಲು ನನಗೊಂದು ನೆಪ ಬೇಕಿತ್ತು. ಕಳೆದ ವಾರ ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿದು, ಕೈಗಾಡಿಗಳಿಂದ ಮೊಣಕಾಲು ಉಳಿಸಿಕೊಳ್ಳುತ್ತ ನಡೆಯುತ್ತಿದ್ದಾಗ ಮಳೆ ಹಿಡಿದುಕೊಂಡಿತು. ಮುಂಬಾದೇವಿಯ ಗುಡಿಯ ಓಣಿಯಲ್ಲಿ ನೆನೆದ ಚೆಂಡುಹೂವಿನ ವಾಸನೆ, ಅದರ ಬೆನ್ನಿಗೇ ತುಪ್ಪದಲ್ಲಿ ಕರಿಯುವ ಜಿಲೇಬಿಯ ವಾಸನೆ. ಎರಡೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನಾನು ನಡುದಾರಿಯಲ್ಲಿ ನಿಂತುಬಿಟ್ಟೆ. ಹಿಂದಿನಿಂದ ಬಂದವನೊಬ್ಬ ಮರಾಠಿಯಲ್ಲಿ ಬೈದು ಮುಂದೆ ಹೋದ. ಬೈಸಿಕೊಳ್ಳುತ್ತಲೇ ನನಗೆ ಆ ಒಂದು ಮಳೆಗಾಲ ಪೂರ್ತಿ ನೆನಪಾಯಿತು.

ನಾನು ಧಾರವಾಡದವಳು. ವಿಮೆಯ ಆಫೀಸಿನ ನೌಕರಿ ಹಿಡಿದು ಈ ಊರಿಗೆ ಬಂದವಳು ಇಲ್ಲೇ ಉಳಿದೆ. ಮದುವೆಯಾಗಲಿಲ್ಲ, ಅದರ ಕೊರಗೂ ಇಲ್ಲ. ಕುರ್ಲಾ ಪೂರ್ವದಲ್ಲಿ ಲಿಫ್ಟ್ ಇರುವ ಬಿಲ್ಡಿಂಗಿನಲ್ಲಿ ಸಣ್ಣದೊಂದು ಮನೆ ಮಾಡಿಕೊಂಡಿದ್ದೆ. ತಮ್ಮ ಶಿವಾನಂದ ಮಲಾಡಿನ ಒಂದು ಆಫೀಸಿಗೆ ಸೇರಿದ ಮೇಲೆ ನನ್ನ ಜೊತೆಗೇ ಇದ್ದ. ಅವನು ಮೆಚ್ಚಿ ಮದುವೆಯಾದ ನಂದಿನಿ ಮಾಟುಂಗದಲ್ಲಿ ಹುಟ್ಟಿ ಬೆಳೆದ ಹುಡುಗಿ. ಅವಳ ಅಪ್ಪ ಉಡುಪಿ ಕಡೆಯ ಬಂಟರು, ಹೋಟೆಲು ನಡೆಸುತ್ತಿದ್ದರು. ಅವಳ ಅಮ್ಮ ಸರೋಜಕ್ಕ ಹೋಟೆಲನ್ನೂ ಅಪ್ಪನನ್ನೂ ನಡೆಸುತ್ತಿದ್ದರು. ಮದುವೆಯ ಹೊತ್ತಿಗೆ ಎರಡೂ ಕಡೆಯವರು ಮೂಗು ಮುರಿದು, ಆಮೇಲೆ ಊಟ ಮಾಡಿ, ಸುಮ್ಮನಾದರು. ನಂದಿನಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತಾಡುವಾಗ ಮಾತ್ರ ಅರ್ಧ ದಾರಿಯಲ್ಲಿ ಹಿಂದಿಗೆ ಬಂಡಿ ಬದಲಿಸುತ್ತಾಳೆ.

ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಇದರಲ್ಲಿ ಧಾರವಾಡಕ್ಕೂ ಉಡುಪಿಗೂ ಜಗಳವಿಲ್ಲ. ಸರೋಜಕ್ಕ ಮಾಟುಂಗದ ಮನೆಯಲ್ಲಿ ಬಾಣಂತಿ ಕೋಣೆಯನ್ನು ಸುಣ್ಣ ಬಳಿಸಿ ಸಿದ್ಧ ಮಾಡಿದ್ದರು, ಮದ್ದಿನ ಲೇಹಗಳನ್ನು ಊರಿನಿಂದಲೇ ತರಿಸಿಟ್ಟಿದ್ದರು. ಆದರೆ ನಂದಿನಿ ಅಲ್ಲಿಗೆ ಹೊರಡಬೇಕಾದ ದಿನವೇ ಆಕಾಶ ಹರಿದು ಬಿತ್ತು. ಕುರ್ಲಾ ಸ್ಟೇಷನ್ನಿನಲ್ಲಿ ಹಳಿಗಳು ಕಾಣದಷ್ಟು ನೀರು, ಲೋಕಲ್ ಬಂದ್, ರಸ್ತೆಯಲ್ಲಿ ಬಸ್ಸುಗಳು ನಿಂತಲ್ಲೇ ನಿಂತಿದ್ದವು. ಅವಳಿಗೆ ನೋವು ಅವತ್ತೇ ಶುರುವಾಗಬೇಕೆ! ಕೆಳಗಿನ ಮಾಳಿಗೆಯ ಮುಸಲ್ಮಾನರ ಹುಡುಗರು, ಎದುರಿನ ಚಾಳಿನ ಮರಾಠಿ ಗಂಡಸರು ಪ್ಲಾಸ್ಟಿಕ್ ಕುರ್ಚಿಯೊಂದರಲ್ಲಿ ಅವಳನ್ನು ಕೂರಿಸಿ, ಸೊಂಟಮಟ್ಟದ ನೀರಿನಲ್ಲಿ ಹೊತ್ತುಕೊಂಡು ಹತ್ತಿರದ ನರ್ಸಿಂಗ್ ಹೋಮಿಗೆ ಮುಟ್ಟಿಸಿದರು. ಅವರಲ್ಲಿ ಯಾರೂ ನಮ್ಮ ಹೆಸರು ಕೇಳಲಿಲ್ಲ. ಈ ಊರನ್ನು ಬೈಯುವವರು ಬಹಳ ಜನರಿದ್ದಾರೆ. ನಾನು ಅವರ ಮಾತು ಕೇಳಿಸಿಕೊಂಡು, ಆ ಕುರ್ಚಿಯನ್ನು ನೆನೆದು, ಸುಮ್ಮನಿದ್ದುಬಿಡುತ್ತೇನೆ.

ಆಪರೇಷನ್ ಮಾಡಿ ಮಗು ತೆಗೆದರು. ಹೆಣ್ಣು. ಮಾಟುಂಗದ ಮನೆ ನಾಲ್ಕನೆಯ ಮಾಳಿಗೆಯಲ್ಲಿ, ಲಿಫ್ಟ್ ಇಲ್ಲ. ಹೊಲಿಗೆ ಹಾಕಿದ ಹೊಟ್ಟೆಯಲ್ಲಿ ಮೆಟ್ಟಿಲು ಹತ್ತಬಾರದೆಂದು ಡಾಕ್ಟರು ಹೇಳಿದರು. ಹೀಗಾಗಿ ಬಾಣಂತಿ ನಮ್ಮ ಮನೆಗೇ ಬಂದಳು. ಸುದ್ದಿ ಕೇಳಿದ ಅವ್ವ ಧಾರವಾಡದಿಂದ ಸಿಕ್ಕ ರೈಲು ಹತ್ತಿ, ಬಾಣಂತಿಗೆಂದು ಕಟ್ಟಿದ ಅಂಟಿನುಂಡಿಯ ಡಬ್ಬಿ ಸಮೇತ ಇಳಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಣಂತನಕ್ಕೆ ನಿಂತಳೆಂದರೆ ಸರೋಜಕ್ಕನಿಗೆ ಕೂಸಿಗೆ ನೀರೆರೆಯಲಿಕ್ಕೂ ಒಂದು ಚೊಂಬು ಸಿಗಲಿಲ್ಲ. ಅವರು ದಿನವೂ ಮಾಟುಂಗದಿಂದ ಲೇಹ ತರುವುದು, ಅವ್ವ ಅದನ್ನು ಕಪಾಟಿನ ಮೇಲೆ ಇಡುವುದು, ಮರುದಿನ ಸರೋಜಕ್ಕ ಬಂದು ಮೊದಲು ಕಪಾಟಿನ ಮೇಲೆ ನೋಡುವುದು, ಹೀಗೆ ನಡೆಯಿತು.

ಇಷ್ಟೇ ಆಗಿದ್ದರೆ ಹೇಗೋ ಸಾಗುತ್ತಿತ್ತು. ಹೆಸರಿನ ಮಾತು ಬಂತು.

ಅವ್ವನ ತಾಯಿಯ ಹೆಸರು ನೀಲವ್ವ. ಅವ್ವ ತೀರ ಸಣ್ಣವಳಿದ್ದಾಗ ತೀರಿಕೊಂಡಳು. ಫೋಟೋ ಇಲ್ಲ, ಸೀರೆ ಇಲ್ಲ, ಮುಖ ಕೂಡ ಅವ್ವನಿಗೆ ಸರಿಯಾಗಿ ನೆನಪಿಲ್ಲ. ಉಳಿದದ್ದು ಹೆಸರೊಂದೇ. ನಾನು ಹುಟ್ಟಿದಾಗ ಆ ಹೆಸರು ಇಡಬೇಕೆಂದು ಅವ್ವ ಆಸೆಪಟ್ಟಿದ್ದಳಂತೆ, ಆದರೆ ಅಪ್ಪನ ಕಡೆಯವರು ಬಿಡದೆ ಅಪ್ಪನ ತಾಯಿ ಶಾಂತವ್ವನ ಹೆಸರನ್ನು ನನಗೆ ಅಂಟಿಸಿದರು. ಒಂದು ಸಲ ತಪ್ಪಿತು, ಇನ್ನೊಂದು ಸಲ ತಪ್ಪಬಾರದು ಎಂಬುದು ಅವ್ವನ ಹಟ. ಮೊಮ್ಮಗಳು ನೀಲವ್ವ. ಬೇಕಾದರೆ ಶಾಲೆಗೆ ನೀಲಾ ಅನ್ನಲಿ.

ಸರೋಜಕ್ಕನಿಗೆ ರಾಜೀವಿ ಆಗಬೇಕು. ರಾಜೀವಿ ಅವರ ಅಮ್ಮ. ಊರು ಬಿಟ್ಟು ಬಂದು, ಮಾಟುಂಗದ ಹೋಟೆಲಿನ ಹಿಂದಿನ ಅಡುಗೆಮನೆಯಲ್ಲಿ ಹಿಟ್ಟು ರುಬ್ಬಿ, ಮಕ್ಕಳನ್ನು ದೊಡ್ಡವರನ್ನು ಮಾಡಿದವರು. ಅವರ ಪೈಕಿ ಸಂತಾನ ನಡೆಯುವುದು ಹೆಣ್ಣಿನಿಂದ. ತಾಯಿಯ ಬಳಿ, ಎಂದರೆ ಕುಲದ ಹೆಸರು, ಯಾವುದೋ ಮಗಳಿಗೂ ಅದೇ.

"ಹುಡುಗಿ ನಮ್ಮ ಬಳಿಯವಳು," ಎಂದರು ಸರೋಜಕ್ಕ. "ನಮ್ಮಲ್ಲಿ ಮಕ್ಕಳು ತಾಯಿಯ ಕಡೆಗೆ. ಇದು ನಾನು ಮಾಡಿದ ಕಾನೂನಲ್ಲ."

"ನಮ್ಮ ಕಡೆ ಹೆಸರ ಕರಿಯಾಕಿ ಸೋದರತ್ತಿ," ಎಂದಳು ಅವ್ವ. "ಆಕಿ ಇಲ್ಲೇ ಕುಂತಾಳ ನೋಡ್ರಿ."

ಇಬ್ಬರೂ ನನ್ನ ಮುಖ ನೋಡಿದರು. ನಾನು ಕಿಟಕಿಯ ಬಟ್ಟೆ ತೆಗೆಯುವ ನೆಪ ಮಾಡಿ ಎದ್ದೆ. ಒಳಗಿನಿಂದ ನಂದಿನಿ, "ಪ್ಲೀಸ್ ಅಮ್ಮಾ, ಝಗಡಾ ಬೇಡ, ಬೇಬಿ ಈಗಷ್ಟೇ ಮಲಗಿದ್ದು, ಅಭೀ ಸೋಯೀ ಹೈ," ಎಂದಳು. ಆ ದಿನ ಸರೋಜಕ್ಕ ಚಹಾ ಕುಡಿಯದೆ ಹೊರಟರು. ಹನ್ನೆರಡನೆಯ ದಿನಕ್ಕೆ ಇಡಬೇಕಾದ ಹೆಸರು ಮುಂದಕ್ಕೆ ಹೋಯಿತು, ಅಲ್ಲಿಂದ ಇನ್ನೂ ಮುಂದಕ್ಕೆ ಹೋಯಿತು. ಆಷಾಢ ಮುಗಿಯುತ್ತ ಬಂದರೂ ಮಗು 'ಬೇಬಿ'ಯಾಗಿಯೇ ಉಳಿಯಿತು. ಸರೋಜಕ್ಕ ಬರುವುದನ್ನು ಕಡಿಮೆ ಮಾಡಿದರು. ನಂದಿನಿ ಒಂದು ಸಂಜೆ ಮಗುವಿಗೆ ಹಾಲು ಕೊಡುತ್ತ ಅತ್ತುಬಿಟ್ಟಳು. ಅಮ್ಮ ಬರುವುದನ್ನು ಪೂರ್ತಿ ನಿಲ್ಲಿಸಿದರೆ ತಾನೂ ಮಗುವನ್ನು ಕರೆದುಕೊಂಡು ಅಲ್ಲಿಗೇ ಹೋಗುತ್ತೇನೆ, ಮೆಟ್ಟಿಲನ್ನು ಕೂತುಕೊಂಡೇ ಹತ್ತುತ್ತೇನೆ ಎಂದಳು. ಶಿವು ಮಲಾಡಿನಲ್ಲಿ ಓವರ್‌ಟೈಮ್ ಹುಡುಕಿಕೊಂಡ. ಮನೆ ಒಡೆಯುವುದೆಂದರೆ ಏನೆಂದು ನಾನು ಬೇರೆಯವರ ಮನೆಗಳಲ್ಲಿ ನೋಡಿದ್ದೆ. ನಮ್ಮ ಮನೆಯಲ್ಲಿ ಅದರ ಸದ್ದು ಕೇಳಿ ಹೆದರಿದೆ.

ಅವ್ವನಿಗೂ ಸರೋಜಕ್ಕನಿಗೂ ಊರಿನ ಹೆಸರಿನಲ್ಲೂ ಒಮ್ಮತವಿರಲಿಲ್ಲ ಎಂಬುದು ಆಗ ನನ್ನ ಗಮನಕ್ಕೆ ಬಂತು. ನಮ್ಮ ಕಡೆಯವರು ಸರಕಾರ ಹೆಸರು ಬದಲಿಸುವುದಕ್ಕೆ ಎಷ್ಟೋ ಮೊದಲಿನಿಂದ ಇದನ್ನು ಮುಂಬಯಿ ಎಂದೇ ಕರೆದವರು. ಸರೋಜಕ್ಕನ ಬಾಯಲ್ಲಿ ಇದು ಬೊಂಬಾಯಿ. ಶಿವು ಆಫೀಸಿನ ಫೋನಿನಲ್ಲಿ ಬಾಂಬೆ ಅನ್ನುತ್ತಾನೆ, ರಿಕ್ಷಾದವನ ಹತ್ತಿರ ಬಂಬಯಿ. ಒಂದೇ ಬೀದಿಯಲ್ಲಿ ಇಷ್ಟು ಹೆಸರು ಓಡಾಡಿದರೂ ಯಾರಿಗೂ ದಾರಿ ತಪ್ಪುವುದಿಲ್ಲ. ಕಾಲೇಜಿನಲ್ಲಿ ನಾನು ಓದಿದ್ದು, ಪೋರ್ಚುಗೀಸರು ಇಲ್ಲಿಯ ಸಮುದ್ರ ನೋಡಿ 'ಒಳ್ಳೆಯ ಕೊಲ್ಲಿ' ಎಂದರು, ಬಾಂಬೆ ಅದರಿಂದ ಬಂತು ಎಂದು. ಅದನ್ನೇ ವರ್ಷಗಟ್ಟಲೆ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ.

ಶ್ರಾವಣ ಹತ್ತಿರ ಬಂದಾಗ ಅವ್ವ ಬೇರೊಂದು ಪ್ರಶ್ನೆ ಎತ್ತಿದಳು. ತೊಟ್ಟಿಲು ಕಟ್ಟುವ ಮೊದಲು ಊರದೇವಿಗೆ ಉಡಿ ತುಂಬಬೇಕು. ಅಕ್ಕಿ, ಕೊಬ್ಬರಿ, ಖಣ, ಉತ್ತತ್ತಿ ಎಲ್ಲ ತಂದಿದ್ದೇನೆ. ಈ ಊರಿನ ದ್ಯಾಮವ್ವ ಯಾರು?

ಅವ್ವ ಬಿಲ್ಡಿಂಗಿನಲ್ಲೆಲ್ಲ ತನ್ನ ಧಾರವಾಡದ ಕನ್ನಡದಲ್ಲೇ ವಿಚಾರಿಸಿದಳು. ಒಬ್ಬರು ಸಿದ್ಧಿವಿನಾಯಕ ಎಂದರು. ಗಂಡುದೇವರಿಗೆ ಉಡಿ ತುಂಬುವುದು ಹೇಗೆ ಎಂದು ಅವ್ವ ನಕ್ಕಳು. ಇನ್ನೊಬ್ಬರು ಮಹಾಲಕ್ಷ್ಮಿ ಎಂದರು. ಆಕಿ ಎಲ್ಲಾ ಊರಾಗೂ ಅದಾಳ, ಈ ಊರಿಗೇ ಅಂತ ಇರಾಕಿ ಯಾರು ಎಂದಳು. ಮರುದಿನ ಆಫೀಸಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಪ್ರಭಾತಾಯಿಗೆ ಇದನ್ನು ಹೇಳಿ ನಕ್ಕೆ. ಅವರು ನಗಲಿಲ್ಲ. ಮುಂಬಾ ಆಯಿ ಅಲ್ಲವೇ, ಅವಳಿಂದಲೇ ಮುಂಬಯಿ, ಇಲ್ಲಿಯ ಬೆಸ್ತರಾದ ಕೋಳಿ ಜನರ ದೇವಿ, ಅವರು ಈ ದ್ವೀಪಕ್ಕೆ ದೋಣಿ ಹಚ್ಚಿದಾಗಿನಿಂದ ಇರುವವಳು ಎಂದರು. ಪೋರ್ಚುಗೀಸರ ಕತೆಯನ್ನು ಈಗ ಎಲ್ಲರೂ ಒಪ್ಪುವುದಿಲ್ಲವೆಂದೂ ಹೇಳಿದರು. ಸಂಜೆ ಅವ್ವನಿಗೆ ತಿಳಿಸಿದೆ. ಆಯಿ ಎಂದರೆ ಏನೆಂದು ಬೆಳಗಾವಿ-ಧಾರವಾಡದ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

"ಅಲ್ಲ ಬೇ, ಊರಿನ ಹೆಸರೊಳಗ ಅವ್ವ ಕುಂತಾಳ," ಎಂದಳು ಅವ್ವ. "ಇಷ್ಟು ವರ್ಷ ದಿನಾ ಆಕಿ ಹೆಸರ ತಗೊಂಡು ಟಿಕೆಟ್ ತಗಸೀದಿ. ಒಮ್ಮೆನೂ ಹೋಗಿ ಮಾತಾಡ್ಸಿಲ್ಲ?"

ನಿಜ. ಒಮ್ಮೆಯೂ ಹೋಗಿರಲಿಲ್ಲ.

ಆಮೇಲೆ ತೊಡಕು ಕಾಣಿಸಿತು. ಉಡಿ ತುಂಬುವವಳು ಮುತ್ತೈದೆಯಾಗಿರಬೇಕು. ಅವ್ವ ವಿಧವೆ. ನಾನು ಮದುವೆಯಾಗದವಳು. ನಂದಿನಿ ಬಾಣಂತಿ. ಈ ನಿಯಮಗಳನ್ನು ಯಾರು ಮಾಡಿದರೋ ಅವರ ಮೇಲೆ ನನಗೆ ಕೋಪವಿದೆ, ಆಗಲೂ ಇತ್ತು. ನೀನೇ ತುಂಬು, ಯಾವ ದೇವಿ ಬೇಡ ಅನ್ನುತ್ತಾಳೆ ಎಂದು ಜಗಳ ತೆಗೆದೆ. ಅವ್ವ ಕಿವಿಗೇ ಹಾಕಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಅಕ್ಕಿ ಆರಿಸಿದಳು. ಆಮೇಲೆ ತಲೆ ಎತ್ತದೆ, ಮಾಟುಂಗಕ್ಕ ಫೋನ್ ಹಚ್ಚು ಎಂದಳು.

ಸರೋಜಕ್ಕ ಫೋನ್ ಎತ್ತಿದರು. ದೇವರ ಕೆಲಸಕ್ಕೆ ಕರೆದರೆ ಇಲ್ಲ ಎನ್ನಬಾರದು, ಬರುತ್ತೇನೆ, ಲೇಡೀಸ್ ಡಬ್ಬಿಯಲ್ಲಿ ಬಾಗಿಲ ಹತ್ತಿರ ನಿಂತಿರಿ ಎಂದರು.

ಮಂಗಳವಾರ ಹೋದೆವು. ಕುರ್ಲಾದಲ್ಲಿ ನಾನೂ ಅವ್ವನೂ ಸ್ಲೋ ಲೋಕಲ್ ಹತ್ತಿದೆವು, ಮಾಟುಂಗದಲ್ಲಿ ಸರೋಜಕ್ಕ ಮಲ್ಲಿಗೆ ಮುಡಿದು, ರೇಷ್ಮೆ ಸೀರೆಯ ಅಂಚನ್ನು ಮಳೆಗೆ ಎತ್ತಿಕಟ್ಟಿ ಹತ್ತಿದರು. ಅವ್ವನ ಮಡಿಲಲ್ಲಿ ಉಡಿಯ ಸಾಮಾನಿನ ಚೀಲ. ಸರೋಜಕ್ಕ ಕೈ ಚಾಚಿದರು, ಅವ್ವ ಕೊಡಲಿಲ್ಲ. ಇಬ್ಬರ ನಡುವೆ ನಾನು ಕೂತು ದಾದರಿನ ಬಗ್ಗೆ, ಪರೇಲಿನ ಬಗ್ಗೆ ಒಬ್ಬಳೇ ಮಾತಾಡಿದೆ.

ಗುಡಿಯ ಮುಂದೆ ಸಾಲು ಉದ್ದ ಇತ್ತು. ಗುಜರಾತಿ ವ್ಯಾಪಾರಿಗಳು, ಸೀರೆಯನ್ನು ಕಚ್ಚೆ ಹಾಕಿ ಉಟ್ಟ ಕೋಳಿ ಹೆಂಗಸರು, ಬಿಹಾರಿ ಕೂಲಿಯವರು, ಆಫೀಸಿಗೆ ತಡವಾದವರು. ಎಲ್ಲರ ಕೈಯಲ್ಲೂ ಚೆಂಡುಹೂವು. ಸುಮ್ಮನಿರಲಾರದೆ ನಾನು ಪ್ರಭಾತಾಯಿ ಹೇಳಿದ್ದನ್ನೆಲ್ಲ ಹೇಳತೊಡಗಿದೆ. ಈ ಗುಡಿ ಮೊದಲು ಇಲ್ಲಿರಲಿಲ್ಲ. ಈಗ ದೊಡ್ಡ ಸ್ಟೇಷನ್ ಇರುವ ಕಡೆ ಇತ್ತು. ಇಂಗ್ಲಿಷರ ಕೋಟೆಯ ಕೆಲಸಕ್ಕೆ ಜಾಗ ಬೇಕಾಗಿ ದೇವಿಯನ್ನು ಅಲ್ಲಿಂದ ಎಬ್ಬಿಸಿದರಂತೆ.

ದೇವಿ ಸುಮ್ಮನೆ ಎದ್ದು ಬಂದಳೇ ಎಂದು ಅವ್ವ ಕೇಳಿದಳು. ಬಂದಳು, ಅವಳು ಜಾಗ ಬಿಟ್ಟಳು, ಊರು ಅವಳ ಹೆಸರು ಬಿಡಲಿಲ್ಲ ಎಂದೆ. ದೊಡ್ಡ ದೊಡ್ಡ ಹಡಗಿನವರು, ಕೋಟೆಯವರು, ಗಿರಣಿಯವರು ಬಂದು ತಮ್ಮ ನಾಲಿಗೆಗೆ ತಕ್ಕಂತೆ ಊರನ್ನು ಕರೆದರು, ಹೋದರು. ಮೀನು ಬಲೆಯವರು ತಮ್ಮ ಅವ್ವನನ್ನು ಕರೆದ ಹೆಸರು ಉಳಿಯಿತು. ಇಂಥ ಊರು ಇನ್ನೆಲ್ಲಿದೆ?

"ಮುಂಬಾ ಅಂದರೆ ಎಂತ?" ಎಂದು ಸರೋಜಕ್ಕ ಕೇಳಿದರು. ಅವರು ಅಂದು ಆಡಿದ ಮೊದಲ ಮಾತು ಅದು.

ಅದಕ್ಕೂ ಬೇರೆ ಬೇರೆ ಕತೆಗಳಿವೆ ಎಂದೆ. ಮಹಾ ಅಂಬಾ ಎನ್ನುವವರಿದ್ದಾರೆ. ಮುಂಗಾ ಎಂಬ ಕೋಳಿಯವನು ಗುಡಿ ಕಟ್ಟಿಸಿದ, ಅವನಿಂದ ಬಂತು ಎನ್ನುವವರಿದ್ದಾರೆ. ಇನ್ನೊಂದು ಪುರಾಣ. ಮುಂಬಾರಕ ಎಂಬ ದೈತ್ಯ ಇಲ್ಲಿಯ ಜನರನ್ನು ಕಾಡುತ್ತಿದ್ದ. ದೇವಿ ಬಂದು ಅವನನ್ನು ಸೋಲಿಸಿದಳು. ಸೋತವನು ಕಾಲಿಗೆ ಬಿದ್ದು, ಬೇರೇನೂ ಬೇಡ, ನನ್ನ ಹೆಸರನ್ನು ನೀನು ಇಟ್ಟುಕೋ ಎಂದು ಬೇಡಿಕೊಂಡ. ಅವಳು ಇಟ್ಟುಕೊಂಡಳು.

ಹೇಳಿ ಮುಗಿಸಿದ ಮೇಲೆ ಬೆವರಿದೆ. ಇಬ್ಬರಲ್ಲಿ ದೈತ್ಯ ಯಾರೆಂದು ಒಬ್ಬರು ಬಾಯಿಬಿಟ್ಟರೂ ಸಾಕು, ಸಾಲಿನಲ್ಲೇ ಯುದ್ಧ. ಆದರೆ ಅವ್ವ ಹುಬ್ಬು ಗಂಟಿಕ್ಕಿಕೊಂಡು ಮುಂದೆ ನೋಡುತ್ತಿದ್ದಳು. "ಗೆದ್ದಾಕಿ ಆಕಿ," ಎಂದಳು ತನ್ನಷ್ಟಕ್ಕೇ. "ಹೆಸರು ಸೋತಾವಂದು."

ಗರ್ಭಗುಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲಲು ಬಿಡುವುದಿಲ್ಲ. ಕೇಸರಿ ಮುಖ, ಬೆಳ್ಳಿಯ ಕಿರೀಟ, ಮೂಗಿನಲ್ಲಿ ನತ್ತು, ಕುತ್ತಿಗೆಯವರೆಗೆ ಹೂವು. ಈ ದೇವಿಗೆ ಬಾಯಿ ಇಲ್ಲ ಎನ್ನುತ್ತಾರೆ. ಅಷ್ಟು ಅಲಂಕಾರದ ನಡುವೆ ನನಗೆ ಸರಿಯಾಗಿ ಕಾಣಲಿಲ್ಲ. ಅವ್ವ ಆಗ ಚೀಲವನ್ನು ಸರೋಜಕ್ಕನ ಕೈಗೆ ಕೊಟ್ಟಳು. ನಮ್ಮ ಕಡೆ ಹೇಗೆ ತುಂಬಬೇಕೆಂದು ಸರೋಜಕ್ಕನಿಗೆ ತಿಳಿಯದೆ ಮೊದಲು ಕೊಬ್ಬರಿ ಬಟ್ಟಲು ಹಿಡಿದರು. ಅವ್ವ ಹಿಂದೆ ನಿಂತು, ಮೊದ್ಲ ಅಕ್ಕಿ, ಆಮ್ಯಾಲೆ ಖಣ ಎಂದು ಮೆಲ್ಲಗೆ ಹೇಳಿಕೊಟ್ಟಳು. ಸರೋಜಕ್ಕ ಹೇಳಿದಂತೆ ಒಂದೊಂದಾಗಿ ಎತ್ತಿ ಪೂಜಾರಿಗೆ ಕೊಟ್ಟರು. ಒಂದು ಅಕ್ಕಿ ಕಾಳೂ ಕೆಳಗೆ ಬೀಳದಂತೆ ಎರಡೂ ಕೈ ಜೋಡಿಸಿ ಹಿಡಿದಿದ್ದರು. ಅಲ್ಲಿಯವರೆಗೆ ಅವರಿಗೆ ಮೊಮ್ಮಗಳ ಯಾವ ಕೆಲಸವೂ ಸಿಕ್ಕಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಅವ್ವನಿಗೂ ಹೊಳೆದಿರಬೇಕು.

ವಾಪಸು ಬರುವಾಗ ಸರೋಜಕ್ಕ ಮಾಟುಂಗದಲ್ಲಿ ಇಳಿದುಹೋದರು. ಗಾಡಿ ಹೊರಟ ಮೇಲೆ ಅವ್ವ ನನ್ನ ಕಡೆ ತಿರುಗಿದಳು.

"ಬಾಣಂತನ ನಾ ಮಾಡೀನಿ. ಕೂಸು ನಮ್ಮ ಮನ್ಯಾಗ ಅದ, ತೊಟ್ಟಿಲಾನೂ ನಮ್ಮಲ್ಲೇ. ಆ ಹೆಣ್ಮಗಳಿಗೆ ಏನ್ ಉಳೀತು? ನೀ ರಾಜೀವಿ ಅಂತ ಕರಿ."

ಮತ್ತೆ ನೀಲವ್ವ ಎಂದು ನಾನು ಕೇಳಿದೆ. ಅವ್ವ ಖಾಲಿ ಚೀಲವನ್ನು ಮಡಿಸಿ, ಮಡಿಸಿ, ಅಂಗೈಯಷ್ಟು ಸಣ್ಣದು ಮಾಡಿದಳು. ಮುಂದಿನ ಸ್ಟೇಷನ್ ಯಾವುದು ಎಂದು ಕೇಳಿದಳು. ಸಾಯನ್ ಎಂದೆ. ಆ ಗಳಿಗೆಯಲ್ಲಿ ನನ್ನ ಅವ್ವನ ಮೇಲೆ ನನಗೆ ಹುಟ್ಟಿದ ಗೌರವವನ್ನು ಹೇಳಲು ನನಗೆ ಬಾರದು. ಆ ಹೆಸರಿನ ಹೊರತು ಅವಳ ಹತ್ತಿರ ತನ್ನ ತಾಯಿಯದೆಂದು ಏನೂ ಇರಲಿಲ್ಲ.

ಶ್ರಾವಣದ ಶುಕ್ರವಾರ ತೊಟ್ಟಿಲು ಕಟ್ಟಿದೆವು. ನಮ್ಮ ಕಡೆ ಸೋದರತ್ತೆ ಬಗ್ಗಿ ಮಗುವಿನ ಕಿವಿಯಲ್ಲಿ 'ಕುರ್‌ರ್' ಎಂದು ಹೆಸರು ಹೇಳುತ್ತಾಳೆ, ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಯಾಕೆ ಗುದ್ದುವುದು ಎಂದು ಸರೋಜಕ್ಕ ಕೇಳಿದರು, ಯಾರಿಗೂ ಗೊತ್ತಿರಲಿಲ್ಲ. ಗುದ್ದಿದರೇ ಹೆಸರು ಗಟ್ಟಿಯಾಗುತ್ತದೆ ಎಂದು ನಮ್ಮ ಬಿಲ್ಡಿಂಗಿನಲ್ಲಿದ್ದ ಬೆಳಗಾವಿ ಕಡೆಯ ನೆರೆಯವರು ಬಾಯಿಗೆ ಬಂದದ್ದು ಹೇಳಿದರು. ಅವ್ವ ತೊಟ್ಟಿಲ ಹತ್ತಿರ ಬರಲಿಲ್ಲ. ವಿಧವೆ ಬರಬಾರದೆಂದು ಅಡುಗೆಮನೆಯ ಬಾಗಿಲಲ್ಲೇ ನಿಂತಳು. ನಾನು ಕರೆದೆ, ಶಿವು ಕರೆದ, ಬರಲಿಲ್ಲ.

ಸರೋಜಕ್ಕ ನೀಲವ್ವ ಎಂಬ ಹೆಸರು ಕೇಳಲು ಮನಸ್ಸು ಗಟ್ಟಿಮಾಡಿಕೊಂಡು ಬಂದವರಂತೆ ಗೋಡೆ ನೋಡುತ್ತ ನಿಂತಿದ್ದರು. ನಾನು ಬಗ್ಗಿ ಎಲ್ಲರಿಗೂ ಕೇಳುವಂತೆ ರಾಜೀವಿ ಎಂದೆ. ಬೆನ್ನಿಗೆ ಗುದ್ದುಗಳು ಬಿದ್ದವು. ಸರೋಜಕ್ಕ ಕುರ್ಚಿಯಲ್ಲಿ ಕುಸಿದು ಕೂತು ಮುಖ ಮುಚ್ಚಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಅಡುಗೆಮನೆಗೆ ಹೋದರು. ನಾನು ಇಣುಕಿ ನೋಡಿದೆ. ಅವ್ವ ಹೋಳಿಗೆ ಬೇಯಿಸುತ್ತಿದ್ದಳು. ಸರೋಜಕ್ಕ ಏನೋ ಹೇಳಲು ಹೋದರು. ಅವ್ವ ಕಟ್ಟಿನ ಸಾರಿನ ಸೌಟು ಅವರ ಮುಂದೆ ಹಿಡಿದು, ಉಪ್ಪು ಸಾಕಾಗಿದೆಯೇ ನೋಡಿ ಎಂದಳು. ಆ ದಿನದಿಂದ ಬಾಣಂತಿಗೆ ಬೆಳಿಗ್ಗೆ ಅಂಟಿನುಂಡಿ, ಸಂಜೆ ಉಡುಪಿಯ ಲೇಹ. ನಂದಿನಿ ಎರಡನ್ನೂ ನುಂಗಲಾರದೆ ನನ್ನ ಕಡೆ ನೋಡುತ್ತಿದ್ದಳು, ನಾನು ಬೇರೆ ಕಡೆ ನೋಡುತ್ತಿದ್ದೆ.

ದಸರೆಗೆ ಮುಂಚೆ ಮಳೆ ಹಿಂದೆ ಸರಿಯಿತು, ಅವ್ವನೂ ಧಾರವಾಡಕ್ಕೆ ಹೊರಟಳು. ಸಂಜೆಯ ರೈಲು. ಶಿವು ಗಂಟುಮೂಟೆ ತೆಗೆದುಕೊಂಡು ಕೆಳಗೆ ಟ್ಯಾಕ್ಸಿಯ ಹತ್ತಿರ ನಿಂತಿದ್ದ. ನಂದಿನಿ ಸ್ನಾನಕ್ಕೆ ಹೋಗಿದ್ದಳು. ಅವ್ವ ಎಲ್ಲಿ ಉಳಿದಳೆಂದು ನಾನು ಮೇಲೆ ಬಂದೆ. ಲಿಫ್ಟಿನಲ್ಲಿ ಸರೋಜಕ್ಕ ಜೊತೆಯಾದರು, ದಾರಿಗೆಂದು ಬನ್ಸಿನ ಡಬ್ಬಿ ತಂದಿದ್ದರು. ಬಾಗಿಲು ತೆರೆದೇ ಇತ್ತು.

ಒಳಗಿನ ಕೋಣೆಯಲ್ಲಿ ಅವ್ವ ತೊಟ್ಟಿಲ ಮೇಲೆ ಬಗ್ಗಿದ್ದಳು. ಹತ್ತಿರ ಯಾರೂ ಇಲ್ಲವೆಂದು ತಿಳಿದಿದ್ದಳು. ಮಗುವಿನ ಕಿವಿಗೆ ಬಾಯಿ ಹತ್ತಿರ ತಂದು, ಕದ್ದು ಮಾಡುವ ಕೆಲಸದ ಹಾಗೆ, 'ಕುರ್‌ರ್' ಎಂದಳು. ಆಮೇಲೆ ಬರೀ ಉಸಿರಿನಲ್ಲಿ, ನೀಲವ್ವ ಎಂದಳು.

ನಾನು ಹೊಸ್ತಿಲಲ್ಲೇ ಹಿಂದೆ ಸರಿದೆ. ಸರೋಜಕ್ಕ ಸರಿಯಲಿಲ್ಲ. ಡಬ್ಬಿಯನ್ನು ನೆಲದ ಮೇಲಿಟ್ಟು ಒಳಗೆ ನಡೆದರು. ಬಗ್ಗಿದ್ದ ಅವ್ವನ ಬೆನ್ನಿನ ಮೇಲೆ ಒಂದು ಗುದ್ದು ಹಾಕಿದರು. ಅವ್ವ ಹೆದರಿ ಏಳಲು ಹೋದಳು. ಸರೋಜಕ್ಕ ಅಂಗೈಯಿಂದ ಅವಳ ಬೆನ್ನನ್ನು ಹಾಗೆಯೇ ಒತ್ತಿ ಹಿಡಿದರು.

"ಸ್ವಲ್ಪ ಜೋರಾಗಿ ಹೇಳಿ," ಎಂದರು. "ಹುಡುಗಿಗೆ ಕೇಳಬೇಕಲ್ವಾ."

ಅವ್ವ ಜೋರಾಗಿ ಹೇಳಿದಳು.